ಮಂಡಿಯ ಲೆಕ್ಕದಲ್ಲಿ ಬಂಡವಾಳದ ಸುದ್ದಿ

ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಒಂದು ವಿದ್ಯೆ ಕರಗತ. ‘ದರ ಏರುತ್ತದಂತೆ’ ಎಂಬ ಮಾತು ಕಿವಿಗೆ ಬಿದ್ದರೆ, ಹೇಳಿದವರು ಯಾರು ಎಂದು ಮೊದಲು ಕೇಳುತ್ತಾರೆ. ಗೋದಾಮಿನ ತುಂಬ ರಾಶಿ ಅಡಿಕೆ ಇಟ್ಟುಕೊಂಡ ವರ್ತಕ ಹಾಗೆಂದರೆ ಒಂದು ಅರ್ಥ, ಖರೀದಿಗೆ ಬಂದವನು ‘ಇಳಿಯುತ್ತದೆ’ ಎಂದರೆ ಇನ್ನೊಂದು ಅರ್ಥ. ಇಬ್ಬರೂ ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ. ಇಬ್ಬರ ಹಣವೂ ಆ ಸರಕಿನ ಮೇಲಿದೆ. ಹಾಗಾಗಿ ಬೆಳೆಗಾರ ತನ್ನ ಸಹಕಾರ ಸಂಘ ತುಮ್ಕೋಸ್‌ನ ಟೆಂಡರ್ ದರ ನೋಡುತ್ತಾನೆ, ಶಿವಮೊಗ್ಗದ ದರ ವಿಚಾರಿಸುತ್ತಾನೆ, ಆಮೇಲೆ ಮೂಟೆ ಎತ್ತಿಸುತ್ತಾನೆ. ಅದೇ ಬೆಳೆಗಾರನ ಮನೆಯ ಮೊಬೈಲಿಗೆ ‘ಇಂಥ ವೆಬ್ ಕಂಪನಿಗೆ ಇಷ್ಟು ಕೋಟಿ ಬಂಡವಾಳ’ ಎಂಬ ಸುದ್ದಿ ಬಂದಾಗ ಮಾತ್ರ ಈ ವಿದ್ಯೆ ಮೂಲೆಗೆ ಸರಿಯುತ್ತದೆ. ತಾನು ಹಣ ತೊಡಗಿಸಿದ ಕಂಪನಿಯ ಬಗ್ಗೆ ಹೂಡಿಕೆದಾರ ಆಡುವ ಮಾತಿನಲ್ಲಿ ಸುದ್ದಿಯೂ ಇದೆ, ಸರಕಿನ ಒಡೆಯನ ದನಿಯೂ ಇದೆ. ಎರಡನ್ನೂ ಕೇಳಿಸಿಕೊಳ್ಳದೆ ಅದನ್ನು ಓದಿದರೆ ನಷ್ಟ ಓದುಗನದೇ ಎಂಬುದು ನನ್ನ ವಾದ.

ನಮಗೆ ಹತ್ತಿರದ ಉದಾಹರಣೆ ನಿತಿನ್ ಕಾಮತ್. ಹುಟ್ಟಿದ್ದು ಶಿವಮೊಗ್ಗದಲ್ಲಿ, 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯವೇ. ತಮ್ಮ ನಿಖಿಲ್ ಜೊತೆ 2010ರಲ್ಲಿ ಅವರು ಕಟ್ಟಿದ ಷೇರು ದಲ್ಲಾಳಿ ಕಂಪನಿ ಝೆರೋಧಾ ಹೊರಗಿನವರ ಬಂಡವಾಳ ಪಡೆಯದೆ ಬೆಳೆಯಿತು. ಆ ಗಳಿಕೆಯಿಂದ 2016ರಲ್ಲಿ ಹೂಡಿಕೆ ಸಂಸ್ಥೆ ರೈನ್‌ಮ್ಯಾಟರ್ ಶುರುವಾಗಿ ಸ್ಮಾಲ್‌ಕೇಸ್, ಸೆನ್ಸಿಬುಲ್, ಸ್ಟ್ರೀಕ್, ಡಿಟ್ಟೊ ಮುಂತಾದ ಕಂಪನಿಗಳ ಬೆನ್ನಿಗೆ ನಿಂತಿತು. ಇವುಗಳ ಬಗ್ಗೆ ಕಾಮತ್ ಸಾಮಾಜಿಕ ಜಾಲತಾಣಗಳಲ್ಲಿ ಬಿಡದೆ ಬರೆಯುತ್ತಾರೆ, ಸರಳವಾಗಿ ಬರೆಯುತ್ತಾರೆ, ಕಲಿಯುವುದೂ ಅಲ್ಲಿ ಸಾಕಷ್ಟಿದೆ. ಆದರೆ ವ್ಯವಹಾರದ ಹೆಣಿಗೆಯನ್ನು ಗಮನಿಸಬೇಕು. ಸೆನ್ಸಿಬುಲ್ ಇರುವುದು ಆಪ್ಷನ್ಸ್ ವಹಿವಾಟು, ಅಂದರೆ ಬೆಲೆ ಏರುವುದೋ ಇಳಿಯುವುದೋ ಎಂಬುದರ ಮೇಲೆ ಹಣ ಹೂಡುವ ಒಪ್ಪಂದಗಳ ವಹಿವಾಟು, ಮಾಡುವವರಿಗಾಗಿ. ಸ್ಟ್ರೀಕ್ ಇರುವುದು ವಹಿವಾಟಿನ ತಂತ್ರವನ್ನು ಕೋಡಿಂಗ್ ಬಾರದವರೂ ಪರೀಕ್ಷಿಸಿ ನೋಡಲು. ಆಪ್ಷನ್ಸ್‌ನ ಪ್ರತಿ ಆರ್ಡರಿಗೆ ಝೆರೋಧಾ 20 ರೂಪಾಯಿ ಶುಲ್ಕ ಪಡೆಯುತ್ತದೆ. ಅಂದಮೇಲೆ ಇಂಥ ಸಲಕರಣೆಯ ಬಳಕೆ ಹೆಚ್ಚಿದರೆ ಕಾಮತ್‌ಗೆ ಲಾಭ ಎರಡು ಬಾಗಿಲಿನಿಂದ ಬರಬಹುದು: ಪಾಲುದಾರನಾಗಿ ಒಂದು, ದಲ್ಲಾಳಿಯಾಗಿ ಇನ್ನೊಂದು. ಇದರಲ್ಲಿ ಅಪರಾಧವೇನಿಲ್ಲ, ಮುಚ್ಚುಮರೆಯೂ ಇಲ್ಲ.

ಇಂಥ ಸುದ್ದಿಗಳಲ್ಲಿ ಎದ್ದು ಕಾಣುವ ಅಂಕಿ ಕಂಪನಿಯ ‘ಮೌಲ್ಯ’. ಹೂಡಿಕೆದಾರ 10 ಕೋಟಿ ಕೊಟ್ಟು ನೂರಕ್ಕೆ ಹತ್ತು ಪಾಲು ಪಡೆದರೆ ಕಂಪನಿಯ ಮೌಲ್ಯ 100 ಕೋಟಿ ಎಂದು ಬರೆಯುತ್ತಾರೆ. ಇದು ಒಂದು ಮೂಟೆಗೆ ಸಿಕ್ಕ ದರದಿಂದ ಇಡೀ ಗೋದಾಮಿಗೆ ಬೆಲೆ ಕಟ್ಟಿದ ಹಾಗೆ. ಉಳಿದ ಮೂಟೆಗಳನ್ನು ಆ ದರಕ್ಕೆ ಯಾರೂ ಕೊಂಡಿಲ್ಲ. ಕೊಳ್ಳುವವರು ಇದ್ದಾರೋ ಇಲ್ಲವೋ ಮಾರಲು ಹೋದಾಗಷ್ಟೇ ತಿಳಿಯುವುದು. ಆನ್‌ಲೈನ್ ಪಾಠ ಮಾರುತ್ತಿದ್ದ ಬೆಂಗಳೂರಿನ ಬೈಜೂಸ್ ಇದನ್ನು ದೇಶಕ್ಕೇ ತೋರಿಸಿತು. 2022ರಲ್ಲಿ ಅದರ ಮೌಲ್ಯ 2,200 ಕೋಟಿ ಡಾಲರ್ ಎಂದಾಗ ಮುಖಪುಟಗಳು ತುಂಬಿದವು. 2024ರ ಜೂನ್‌ನಲ್ಲಿ ದೊಡ್ಡ ಹೂಡಿಕೆದಾರ ಸಂಸ್ಥೆ ಪ್ರೋಸಸ್ ತನ್ನ ಪಾಲಿನ ಬೆಲೆಯನ್ನು ಸೊನ್ನೆ ಎಂದು ಬರೆದುಕೊಂಡಿತು. ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಹೂಡಿಕೆದಾರರು ಹತ್ತು ಕಡೆ ಹಣ ಹಾಕಿರುತ್ತಾರೆ, ಒಂದು ಮುಳುಗಿದರೆ ಇನ್ನೊಂದು ಎತ್ತುತ್ತದೆ. ಮಗುವಿನ ಪಾಠಕ್ಕೆಂದು ಸಾಲ ಮಾಡಿ ಹಣ ಕಟ್ಟಿದ ಮನೆಗೆ ಆ ಹತ್ತು ಕಡೆ ಎಲ್ಲಿಯದು?

ಈ ಮಾತು ನಮ್ಮ ತಾಲ್ಲೂಕುಗಳಿಗೆ ಏಕೆ ಬೇಕು ಎನ್ನುವುದಕ್ಕೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನವೇ ಉತ್ತರ. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡವರು. ಸರಾಸರಿ ನಷ್ಟ ತಲೆಗೆ ಸುಮಾರು 2 ಲಕ್ಷ ರೂಪಾಯಿ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ವಹಿವಾಟಿನ ಖರ್ಚೆಂದೇ ಸುಮಾರು 50,000 ಕೋಟಿ ಹೋಯಿತು. ಅದರಲ್ಲಿ ಅರ್ಧದಷ್ಟು ದಲ್ಲಾಳಿ ಶುಲ್ಕ. ನನ್ನನ್ನು ಹಿಡಿದು ನಿಲ್ಲಿಸಿದ ಅಂಕಿ ಮಾತ್ರ ಬೇರೆ: ಈ ವಹಿವಾಟುದಾರರಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳ ಆಚೆಯವರು. ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳು ಬರುವುದು ಆ ಲೆಕ್ಕದೊಳಗೆ. ಮಳೆಯನ್ನೇ ನಂಬಿದ ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಿ 2 ಲಕ್ಷ ಉಳಿಸಲು ಎಷ್ಟು ಒಳ್ಳೆಯ ಮುಂಗಾರು ಬೇಕು!

‘ಹೂಡಿಕೆದಾರರೇ ತಮ್ಮ ಪಾಲನ್ನು ಬಹಿರಂಗವಾಗಿ ಹೇಳುತ್ತಾರಲ್ಲ, ಇನ್ನೇನು ಬೇಕು?’ ಎಂದು ಕೇಳಬಹುದು. ಹೇಳುತ್ತಾರೆ, ನಿಜ. ಆದರೆ ಆ ಮಾತು ವಾಟ್ಸ್‌ಆ್ಯಪ್ ಗುಂಪುಗಳನ್ನು ದಾಟಿ, ಕನ್ನಡಕ್ಕೆ ಇಳಿದು, ನಾಲ್ಕು ಸಾಲಿಗೆ ಕುಗ್ಗುವ ಹೊತ್ತಿಗೆ ಮೊದಲು ಬಿದ್ದುಹೋಗುವುದು ಆ ಪಾಲಿನ ವಿವರವೇ. ‘ನಮ್ಮ ಕಡೆಯ ಹುಡುಗನ ಸಾಧನೆ’ ಮಾತ್ರ ಉಳಿಯುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಇಂಥ ಸುದ್ದಿ ಇಲ್ಲದಿದ್ದರೆ ದಾವಣಗೆರೆಯ ಬಿಐಇಟಿ, ಯುಬಿಡಿಟಿ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಹಳ್ಳಿಗಳ ಮಕ್ಕಳಿಗೆ ಕಂಪನಿ ಕಟ್ಟಬಹುದೆಂಬ ಧೈರ್ಯ ಎಲ್ಲಿಂದ ಬರಬೇಕು? ಒಪ್ಪುತ್ತೇನೆ, ಆ ಧೈರ್ಯ ಬೇಕೇ ಬೇಕು. ಅದಕ್ಕೇ ಸುದ್ದಿ ಪೂರ್ತಿಯಾಗಿ ಬರಬೇಕೆಂಬ ಹಟ ನನ್ನದು. ಹೂಡಿಕೆದಾರ ಸಾರಿದ್ದಷ್ಟೇ ಸುದ್ದಿಯಾದರೆ ಬೇರೆ ಬಗೆಯ ಕಂಪನಿಗಳು ಕಣ್ಣಿಗೇ ಬೀಳುವುದಿಲ್ಲ. 2014ರಲ್ಲಿ ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ರಾಜ್ಯದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ಟೆಂಡರ್ ವ್ಯವಸ್ಥೆಗೆ ಜೋಡಿಸಹೊರಟಿತು. ರೈತನ ಹುಟ್ಟುವಳಿಗೇ ಕೈ ಹಾಕಿದ ವೆಬ್ ಕಂಪನಿ ಅದು. ಅದರ ಮೌಲ್ಯ ಏರಿತೆಂದು ಸಾರುವ ಖಾಸಗಿ ಹೂಡಿಕೆದಾರ ಇಲ್ಲದ್ದರಿಂದ ಅದು ಯಾವ ಹುಡುಗನ ಕನಸಿಗೂ ವಸ್ತುವಾಗಲಿಲ್ಲ. ಹೂಡಿಕೆದಾರರ ಸುದ್ದಿಗಳೂ ಎಲ್ಲ ಒಂದೇ ಬಗೆಯವಲ್ಲ. ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ಫ್ಲಾಸ್ ಫಂಡ್ ಪ್ರಕಟಿಸಿತು. ಕೊಟ್ಟ ಹಣಕ್ಕೆ ಅಲ್ಲಿ ಪಾಲು ಕೇಳುವುದಿಲ್ಲ. ಅದೇ ಸಂಸ್ಥೆಯ ಈ ಸುದ್ದಿಗೂ ಸೆನ್ಸಿಬುಲ್‌ನ ಸುದ್ದಿಗೂ ಇರುವ ಅಂತರವನ್ನು ನಮ್ಮ ವರದಿಗಳು ಎತ್ತಿ ತೋರಿಸಬೇಕು.

ಇದಕ್ಕೆ ಬೇಕಾಗುವುದು ಎರಡೇ ಸಾಲು: ಹೇಳುತ್ತಿರುವವರ ಪಾಲೆಷ್ಟು, ಕಳೆದ ವರ್ಷ ಕಂಪನಿ ಗಳಿಸಿತೋ ಕಳೆದುಕೊಂಡಿತೋ. ಎರಡನೆಯದಕ್ಕೆ ಯಾರ ಕೃಪೆಯೂ ಬೇಕಿಲ್ಲ. ಖಾಸಗಿ ಕಂಪನಿಗಳೂ ವರ್ಷವರ್ಷವೂ ಸಲ್ಲಿಸುವ ಲೆಕ್ಕಪತ್ರ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿದೆ; 100 ರೂಪಾಯಿ ಕಟ್ಟಿದರೆ ನ್ಯಾಮತಿಯಲ್ಲಿ ಕೂತವರೂ ಅದನ್ನು ತೆರೆದು ನೋಡಬಹುದು.