ನಿಮಗಿದು ಗೊತ್ತೇ? ಪರದೇಶದ ಪೆಟ್ರೋಲ್, ಬೈಕಿನ ಪಜೀತಿ!

ಮಂಗೋಲಿಯಾದ ಹಳ್ಳಿಗಾಡಿಗೆ ಬೈಕ್ ಹತ್ತಿ ಹೋದರೆ, ಬಂಕಿನಲ್ಲಿ ಕೆಲವೊಮ್ಮೆ ಸಿಗುವುದು ಬರೀ 80 ಆಕ್ಟೇನಿನ ಪೆಟ್ರೋಲ್! ನಮ್ಮೂರ ಮಾಮೂಲಿ ಪೆಟ್ರೋಲೇ 91ಕ್ಕೆ ಕಡಿಮೆಯಿಲ್ಲ. ಹೊಸ ಬೈಕಿಗೆ ಆ 80 ಕುಡಿಸಿ, ಏರಿನಲ್ಲಿ ಆಕ್ಸಿಲರೇಟರ್ ತಿರುವಿ ನೋಡಿ. ಡಬ್ಬಿಯಲ್ಲಿ ಗೋಲಿ ಕುಲುಕಿದಂತೆ ಟಣಟಣ! ಕಿಡಿಯ ಬೆಂಕಿ ತಲುಪುವ ಮೊದಲೇ ಪೆಟ್ರೋಲ್ ತಾನಾಗಿ ಸಿಡಿಯುವ ಸದ್ದು ಅದು. ಆ ಸಿಡಿತವನ್ನು ತಡೆಯುವ ಶಕ್ತಿಯ ಅಳತೆಯೇ ಆಕ್ಟೇನ್. ಕೇಳಿಯೂ ಕೇಳದಂತೆ ಓಡಿಸಿದರೆ ಪಿಸ್ಟನ್ನೇ ತೂತಾದೀತು!

ಅದೇ ಕಳಪೆ ಪೆಟ್ರೋಲ್ ಬೆಟ್ಟದ ಮೇಲೆ ಸಾಧುವಾಗುತ್ತದೆ! ತಜಿಕಿಸ್ತಾನದ ಪಾಮಿರ್ ಹೆದ್ದಾರಿಯ ಅಕ್-ಬೈತಲ್ ಕಣಿವೆಹಾದಿ 4,655 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಸಿಲಿಂಡರಿನೊಳಗೆ ಒತ್ತಡ ಕಡಿಮೆ, ಟಣಟಣವೂ ಕಡಿಮೆ. ಪಿಕಪ್ಪೂ ಇರುವುದಿಲ್ಲ ಅನ್ನಿ, ಅದು ಬೇರೆ ಮಾತು!

ಅಮೆರಿಕದ ಬಂಕಿನಲ್ಲಿ 87 ಎಂಬ ಅಂಕಿ ಕಂಡರೆ ಗಾಬರಿ ಬೇಡ. ಅವರ ಎಣಿಕೆಯ ಲೆಕ್ಕವೇ ಬೇರೆ. ಅವರ 87 ನಮ್ಮ ಲೆಕ್ಕದಲ್ಲಿ ಸುಮಾರು 91!

ಕೆಟಿಎಂ 990 ಅಡ್ವೆಂಚರ್ ಬೈಕಿನ ಸೀಟಿನಡಿ ಒಂದು ಪುಟ್ಟ ಕನೆಕ್ಟರ್ ಇದೆ. ಕಳಪೆ ಪೆಟ್ರೋಲ್ ಸಿಗುವ ದೇಶಕ್ಕೆ ಹೋದಾಗ ಅದರ ಜೋಡಣೆ ಬದಲಿಸಿದರಾಯಿತು, ಕಿಡಿ ಹಾರುವ ಹೊತ್ತೇ ಬದಲು!

ಹಳೆಯ ಬುಲೆಟ್‌ಗೆ ಇಂಥ ಉಪಾಯವೇ ಬೇಕಿಲ್ಲ. ಅದು ರೂಪುಗೊಂಡ 1948ರ ಹೊತ್ತಿಗೆ ಬ್ರಿಟನ್ನಿನಲ್ಲಿ ಸಿಗುತ್ತಿದ್ದುದು ಯುದ್ಧಕಾಲದ ‘ಪೂಲ್’ ಪೆಟ್ರೋಲ್. ಯಾವ ಕಂಪನಿಯ ಹೆಸರೂ ಇಲ್ಲ, ಆಕ್ಟೇನ್ 70ರ ಆಸುಪಾಸು! 1953ರವರೆಗೂ ಇದೇ ಗತಿ. ಹಾಗಾಗಿ ಬುಲೆಟ್‌ನ ಕಂಪ್ರೆಷನ್ನನ್ನು ಬಲು ಕಡಿಮೆ ಇಟ್ಟಿದ್ದರು. ಹುಟ್ಟುವಾಗಲೇ ಗಂಜಿ ಕುಡಿದು ಗಟ್ಟಿಯಾದ ಗಾಡಿ!

ಬಾಲಿ ದ್ವೀಪದ ಗೂಡಂಗಡಿಗಳಲ್ಲಿ ವೋಡ್ಕಾ ಬಾಟಲಿ ಸಾಲಾಗಿ ಕಂಡರೆ ನಾಲಿಗೆ ಚಪ್ಪರಿಸಬೇಡಿ. ಒಳಗಿರುವುದು ಪೆಟ್ರೋಲ್! ಆಫ್ರಿಕಾದ ಬೆನಿನ್‌ನಲ್ಲಿ ನೈಜೀರಿಯಾದಿಂದ ಕಳ್ಳಸಾಗಣೆಯಲ್ಲಿ ತಂದ ಪೆಟ್ರೋಲನ್ನು ದೊಡ್ಡ ಗಾಜಿನ ಬುಡ್ಡಿಗಳಲ್ಲಿ ರಸ್ತೆಬದಿಯಲ್ಲೇ ಮಾರುತ್ತಾರೆ.

ಗಾಜಿನಲ್ಲಿ ಒಂದು ಲಾಭವೂ ಇದೆ. ನೀರು ಬೆರೆತಿದ್ದರೆ ತಳದಲ್ಲಿ ಗೆರೆ ಕೊಯ್ದಂತೆ ಬೇರೆಯಾಗಿ ಕಾಣುತ್ತದೆ. ಬೈಕ್ ಟ್ಯಾಂಕಿನಲ್ಲೂ ನೀರು ತಳಕ್ಕೇ ಇಳಿಯುತ್ತದೆ. ಎಂಜಿನ್ನಿಗೆ ಹೋಗುವ ಪೆಟ್ರೋಲೂ ತಳದಿಂದಲೇ! ಹಿಂದಿನ ಕಾಲದ ಸವಾರರು ಪೆಟ್ರೋಲ್ ಸೋಸಲು ಮೆತ್ತನೆಯ ಶಾಮಿ ಚರ್ಮ ಹಿಡಿಯುತ್ತಿದ್ದರು. ಅದನ್ನು ಮೊದಲು ಪೆಟ್ರೋಲಿನಲ್ಲಿ ನೆನೆಸಿದರೆ ಪೆಟ್ರೋಲನ್ನಷ್ಟೇ ಇಳಿಯಬಿಡುತ್ತದೆ, ನೀರನ್ನು ಮೇಲೇ ತಡೆಯುತ್ತದೆ!

ಇನ್ನು ಆಕ್ಟೇನ್ ಅಳತೆಯ ಸೊನ್ನೆ. ಅದಕ್ಕೆ ಹೆಪ್ಟೇನ್ ಎಂಬ ಶುದ್ಧ ದ್ರವ ಬೇಕಿತ್ತು. 1920ರ ದಶಕದಲ್ಲಿ ಅದು ಸಿಕ್ಕಿದ್ದು ಎಣ್ಣೆಬಾವಿಯಲ್ಲಲ್ಲ, ಕ್ಯಾಲಿಫೋರ್ನಿಯಾದ ಜೆಫ್ರಿ ಪೈನ್ ಮರದ ಅಂಟಿನಲ್ಲಿ!