ದುಡ್ಡು ನಮ್ಮದು, ಬೀಗದ ಕೈ ಅವರದು: ವಿನ್‌ಮೋಡೆಮ್ ಹೇಳುವ ಕತೆ

2000ದ ಆಸುಪಾಸಿನಲ್ಲಿ ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳ ಮೊದಲ ಕಂಪ್ಯೂಟರ್ ಎಸ್.ಪಿ. ರೋಡಿನ ಬಿಡಿಭಾಗಗಳಿಂದ ಜೋಡಿಸಿದ್ದು. ಒಳಗೆ ಒಂದು ಅಗ್ಗದ ಮೋಡೆಮ್ ಕಾರ್ಡ್. ವಿಂಡೋಸ್‌ನಲ್ಲಿ ಅದು ಕೀರಲು ದನಿ ಹೊರಡಿಸಿ ಇಂಟರ್ನೆಟ್‌ಗೆ ಸೇರಿಸುತ್ತಿತ್ತು. ಅದೇ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಮೂಕ. ಯಾಕೆ?

ಕಂಪ್ಯೂಟರಿನ ಮಾಹಿತಿಯನ್ನು ಫೋನ್ ತಂತಿಯಲ್ಲಿ ಸಾಗುವ ಸದ್ದಾಗಿ ಮಾರ್ಪಡಿಸುವುದು ಮೋಡೆಮ್ ಕೆಲಸ. ಹೊರಗಿಂದ ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಹಳೆಯ ಮೋಡೆಮ್ ಇದನ್ನೆಲ್ಲ ತನ್ನದೇ ಚಿಪ್‌ನಲ್ಲಿ ಮಾಡುತ್ತಿತ್ತು. ‘ಎಟಿಡಿಟಿ’ ಅಂತ ಬರೆದು ನಂಬರ್ ಕೊಟ್ಟರೆ ಡಯಲ್ ಮಾಡುತ್ತಿತ್ತು. ಆದೇಶ ಕೊಟ್ಟಿದ್ದು ವಿಂಡೋಸಾ, ಲಿನಕ್ಸಾ ಅಂತ ಕೇಳುತ್ತಿರಲಿಲ್ಲ. ಬೆಲೆ ಇಳಿಸಲು ಕಂಪನಿಗಳು ಆ ಚಿಪ್‌ಗಳನ್ನೇ ತೆಗೆದವು, ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಹೊರಿಸಿದವು. ಅದಕ್ಕೆ ಬೇಕಾದ ಡ್ರೈವರ್ ಬರೆದಿದ್ದು ವಿಂಡೋಸ್‌ಗೆ ಮಾತ್ರ. ಹಾಗಾಗಿ ‘ವಿನ್‌ಮೋಡೆಮ್’ ಅನ್ನುವ ಹೆಸರು. ಚಿಪ್ ಹೇಗೆ ಕೆಲಸ ಮಾಡುತ್ತೆ ಅನ್ನುವ ವಿವರ ಗುಟ್ಟಾಗಿಯೇ ಉಳಿಯಿತು.

ಇಂಟರ್ನೆಟ್ ಇಲ್ಲದವರಿಗೂ ಲಿನಕ್ಸ್ ಸಿಗಲಿ ಅಂತ ಪಿಸಿ ಕ್ವೆಸ್ಟ್ ಪತ್ರಿಕೆ 1996ರಿಂದಲೇ ಸಿಡಿ ಹಂಚುತ್ತಿತ್ತು. ಅದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. ಆಪರೇಟಿಂಗ್ ಸಿಸ್ಟಂ ಏನೋ ಮನೆಗೆ ಬಂತು, ಮೋಡೆಮ್ ಮಾತ್ರ ಜಗ್ಗಲಿಲ್ಲ. ಡ್ರೈವರ್ ತರೋಕೆ ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ!

ದಾರಿ ಇತ್ತು, ಸುತ್ತುಬಳಸು. ಡಬ್ಬಿ ಮೇಲಿನ ಬ್ರ್ಯಾಂಡ್ ಬಿಟ್ಟು ಒಳಗಿನ ಚಿಪ್ ಯಾರದು ಅಂತ ಮೊದಲು ಪತ್ತೆ ಮಾಡಬೇಕು. ಲೂಸೆಂಟ್ ಚಿಪ್ ಆದರೆ ‘ಎಲ್‌ಟಿಮೋಡೆಮ್’ ಡ್ರೈವರ್ ಕಂಪೈಲ್ ಮಾಡಿ, ‘ಡಬ್ಲ್ಯೂವಿಡಯಲ್’ನಿಂದ ಡಯಲ್ ಮಾಡಬಹುದಿತ್ತು. ಆದರೆ ಆ ಡ್ರೈವರಿನ ಹೂರಣ ಯಾರೂ ಓದಲಾಗದ ಬೈನರಿ. ಕರ್ನಲ್ ಬದಲಾದಾಗಲೆಲ್ಲ ಮತ್ತೆ ಹೊಂದಿಸುವ ಪಾಡು.

ಕೊನೆಕ್ಸೆಂಟ್ ಚಿಪ್‌ಗಳಿಗೆ ಡ್ರೈವರ್ ಕೊಟ್ಟಿದ್ದು ಲಿನಕ್ಸೆಂಟ್ ಅನ್ನುವ ಕಂಪನಿ. ಅದರ ಉಚಿತ ಆವೃತ್ತಿಯ ವೇಗ 14.4 ಕೆಬಿಪಿಎಸ್, ಪೂರ್ತಿ 56 ಬೇಕಿದ್ದರೆ ದುಡ್ಡು. ಅಂದರೆ ಕೊಂಡ ವಸ್ತುವಿಗೆ ಇನ್ನೊಮ್ಮೆ ಕೊಳ್ಳಬೇಕು. 2004ರಲ್ಲಿ ಇದರ ಇನ್ನೊಂದು ಕೈಚಳಕ ಸಿಕ್ಕಿಬಿತ್ತು. ಲೈಸೆನ್ಸ್ ಹೆಸರಿನ ಜಾಗದಲ್ಲಿ ‘ಜಿಪಿಎಲ್’ ಅಂತ ಬರೆದು, ಪಕ್ಕದಲ್ಲೇ ಒಂದು ಶೂನ್ಯ ಅಕ್ಷರ ಇಟ್ಟಿದ್ದರು. ಕರ್ನಲ್ ಅಲ್ಲಿಗೇ ಓದು ನಿಲ್ಲಿಸಿ, ಇದು ಮುಕ್ತ ತಂತ್ರಾಂಶ ಅಂತ ನಂಬುತ್ತಿತ್ತು. ಮುಂದಿನ ಷರತ್ತುಗಳು ಅದರ ಕಣ್ಣಿಗೆ ಬೀಳುತ್ತಿರಲಿಲ್ಲ.

ಡಯಲ್-ಅಪ್ ಹೋಯಿತು, ಈ ರಾಜಕಾರಣ ಹೋಗಿಲ್ಲ. ನಿಮ್ಮ ಮೊಬೈಲಿನ ಮೋಡೆಮ್ ಇವತ್ತಿಗೂ ಮುಚ್ಚಿದ ಫರ್ಮ್‌ವೇರ್ ಮೇಲೆ ನಡೆಯುತ್ತೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ದಿನ ಚೆನ್ನಾಗಿರುವ ಫೋನಿಗೂ ವಯಸ್ಸಾಗುತ್ತೆ. 2022ರಲ್ಲಿ ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ರಿಪೇರಿ ಹಕ್ಕು ಅಂದರೆ ಸ್ಪೇರ್ ಪಾರ್ಟ್ ಮಾತ್ರ ಅಲ್ಲ. ಚಿಪ್ ಜೊತೆ ಮಾತಾಡುವ ಭಾಷೆಯೂ ಅದರಲ್ಲಿ ಸೇರಬೇಕು. ಕಂಪನಿ ಕೈಬಿಟ್ಟ ಮೇಲಾದರೂ ಆ ವಿವರ ಬಹಿರಂಗವಾಗಬೇಕು ಅಂತ ನಾವು ಕೇಳಬೇಕು.

ಹಳೆಯ ಸೀರಿಯಲ್ ಮೋಡೆಮ್ ಒಂದಕ್ಕೆ ಇವತ್ತಿನ ಲಿನಕ್ಸ್‌ನಿಂದ ‘ಎಟಿ’ ಅಂದು ನೋಡಿ. ಅದು ‘ಓಕೆ’ ಅನ್ನುತ್ತೆ. ಆ ಭಾಷೆ ಎಲ್ಲರಿಗೂ ಗೊತ್ತಿರುವುದರಿಂದಲೇ.