ಬಿಲ್ಲುಬೇಟೆಯ ಹಂಗಾಮು: ನಂಬಿಕೆ ಯಾವುದು, ನಿಜ ಯಾವುದು?

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸೆಪ್ಟೆಂಬರ್ ನಡುವಿಗೆ, ಮಿಶಿಗನ್‌ನಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲುಬಾಣದ ಜಿಂಕೆ ಬೇಟೆ ಶುರುವಾಗುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಕಾಂಪೌಂಡ್ ಬಿಲ್ಲುಗಳು ಹೊರಬರುವುದು ಅದಕ್ಕೆ ಕೆಲವೇ ವಾರ ಮೊದಲು. ಹೋದ ವರ್ಷ ಸರಿಯಾಗಿತ್ತಲ್ಲ, ಈ ವರ್ಷವೂ ಹಾಗೇ ಇರುತ್ತದೆ ಎಂಬುದು ಬಹಳ ಜನರ ನಂಬಿಕೆ.

ಹಾಗೇನೂ ಇರುವುದಿಲ್ಲ. ಇಂದಿನ ಹೆದೆಯನ್ನು ಡೈನೀಮಾದಂಥ ಗಟ್ಟಿ ಕೃತಕ ಎಳೆಗಳಿಂದ ಹೊಸೆಯುತ್ತಾರೆ, ನಿಜ. ಆದರೆ ಬಳಸಿದಂತೆಲ್ಲ ಅದೂ ಹಿಗ್ಗುತ್ತದೆ, ಸವೆಯುತ್ತದೆ. ಹೆದೆ ಚೂರು ಹಿಗ್ಗಿದರೂ ಸಾಕು, ಬಿಲ್ಲಿನ ತುದಿಗಳ ಗಾಲಿಗಳಾದ ಕ್ಯಾಮ್‌ಗಳ ಹೊಂದಾಣಿಕೆ ತಪ್ಪುತ್ತದೆ, ಗುರಿ ನೋಡಲು ಹೆದೆಯೊಳಗೆ ಕೂರಿಸಿದ ಪೀಪ್ ಸೈಟ್ ಕಿಂಡಿ ತಿರುಗಿ ಕಣ್ಣಿಗೆ ಓರೆಯಾಗುತ್ತದೆ. ಎಳೆಗಳು ಜುಂಗೆದ್ದಿದ್ದರೆ ಮೇಣ ಹಚ್ಚಿ ಬೆರಳಲ್ಲಿ ತಿಕ್ಕಬೇಕು. ಕಡಿದೇ ಹೋಗಿದ್ದರೆ ಮೇಣ ಉಪಯೋಗಕ್ಕೆ ಬಾರದು, ಹೆದೆಯನ್ನೇ ಬದಲಿಸಬೇಕು. ಹೊಸ ಹೆದೆ ಹದಕ್ಕೆ ಬರಲು ಹಲವು ಸುತ್ತು ಬಾಣ ಬಿಡಬೇಕಾಗುತ್ತದೆ. ಬೇಟೆಯ ಹಿಂದಿನ ದಿನ ಅದಕ್ಕೆ ಕೈಹಾಕಿದವರಿಗೆ ಅಷ್ಟು ಸಮಯ ಎಲ್ಲಿ?

ಇನ್ನೊಂದು ನಂಬಿಕೆ ಬಾಣದ ಮೊನೆಯದು. ಅಭ್ಯಾಸಕ್ಕೆ ಬಳಸುವ ಅಲಗಿಲ್ಲದ ಮೊನೆ ಫೀಲ್ಡ್ ಪಾಯಿಂಟ್ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ ಇದ್ದು, ಬೇಟೆಗೆ ಬಳಸುವ ಅಲಗಿನ ಮೊನೆಯಾದ ಬ್ರಾಡ್‌ಹೆಡ್ ಕೂಡ ಅಷ್ಟೇ ತೂಗಿದರೆ ಎರಡೂ ಒಂದೇ ಕಡೆ ನೆಡುತ್ತವೆ ಎಂಬ ಲೆಕ್ಕ. ಆದರೆ ಬ್ರಾಡ್‌ಹೆಡ್‌ನ ಅಲಗುಗಳು ಗಾಳಿ ಹಿಡಿಯುತ್ತವೆ. ಹಿಂದಿನ ಗರಿಗಳು ಬಾಣವನ್ನು ನೇರಕ್ಕೆ ತರಲು ನೋಡಿದರೆ ಮುಂದಿನ ಅಲಗುಗಳು ಅದನ್ನು ಬೇರೆಡೆಗೆ ತಿರುಗಿಸುತ್ತವೆ. ಬಿಲ್ಲಿನ ಟ್ಯೂನಿಂಗ್‌ನಲ್ಲಿ ಸಣ್ಣ ತಪ್ಪಿದ್ದರೂ ಫೀಲ್ಡ್ ಪಾಯಿಂಟ್ ಅದನ್ನು ಮುಚ್ಚಿಡುತ್ತದೆ, ಬ್ರಾಡ್‌ಹೆಡ್ ಬಯಲಿಗೆಳೆಯುತ್ತದೆ. ಆದ್ದರಿಂದ ಬೇಟೆಗೆ ಒಯ್ಯುವ ಮೊನೆಯನ್ನೇ ಹಾಕಿ ಹೊಡೆದು ನೋಡಬೇಕು. ಹಾಗೆ ಬಳಸಿದ ಅಲಗನ್ನು ಮತ್ತೆ ಹರಿತ ಮಾಡಬೇಕು, ಇಲ್ಲವೇ ಹೊಸದು ಹಾಕಬೇಕು. ಬಾಣ ಕೊಲ್ಲುವುದು ರಕ್ತಸ್ರಾವದಿಂದ. ಅಲಗು ಮೊಂಡಾಗಿದ್ದರೆ ಜಿಂಕೆ ಬೇಗ ಸಾಯದೆ ಪೊದೆಗಳಲ್ಲಿ ನರಳುತ್ತದೆ. ಬೇಟೆಗೆ ಹೊರಟವರು ತಪ್ಪಿಸಲೇಬೇಕಾದ ಕ್ರೌರ್ಯ ಇದು.

ವೇಗವೊಂದಿದ್ದರೆ ಸಾಕು ಎನ್ನುವವರೂ ಇದ್ದಾರೆ. ಸೆಕೆಂಡಿಗೆ 280 ಅಡಿ ಹೋಗುವ ಬಾಣಕ್ಕೂ 30 ಗಜ ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಹೆದೆಯ ಸದ್ದು ಬಾಣಕ್ಕಿಂತ ಕಾಲು ಸೆಕೆಂಡ್‌ನಷ್ಟು ಮೊದಲೇ ಜಿಂಕೆಯ ಕಿವಿಗೆ ಬಿದ್ದಿರುತ್ತದೆ. ಬೆಚ್ಚಿದ ಬಿಳಿಬಾಲದ ಜಿಂಕೆ ನೆಗೆಯಲು ಮೈ ಕುಗ್ಗಿಸುತ್ತದೆ, ಬಾಣ ಬೆನ್ನ ಮೇಲಿಂದ ಹೋಗುತ್ತದೆ. ವೇಗದ ಆಸೆಗೆ ಬಾಣವನ್ನು ತೀರಾ ಹಗುರ ಮಾಡಿದರೆ ಬಿಲ್ಲಿನ ಶಕ್ತಿಯಲ್ಲಿ ಹೆಚ್ಚು ಪಾಲು ಬಿಲ್ಲಿನಲ್ಲೇ ಉಳಿದು ಸದ್ದೂ ಅದುರುವಿಕೆಯೂ ಜಾಸ್ತಿಯಾಗುತ್ತವೆ. ಎಳೆತದ ಪ್ರತಿ ಪೌಂಡಿಗೆ ಬಾಣದ ತೂಕ ಕನಿಷ್ಠ 5 ಗ್ರೇನ್ ಇರಬೇಕು ಎಂಬುದು ಸಾಮಾನ್ಯ ನಿಯಮ. 60 ಪೌಂಡಿನ ಬಿಲ್ಲಿಗೆ 300 ಗ್ರೇನ್, ಹೆಚ್ಚುಕಡಿಮೆ 19 ಗ್ರಾಂ.

ಬಾಣವೇ ಇಲ್ಲದೆ ಹೆದೆ ಎಳೆದು ಬಿಡುವುದಂತೂ ಹಗುರ ಬಾಣದ ಈ ಅಪಾಯದ ಪರಮಾವಧಿ. ಆಗ ಅಷ್ಟೂ ಶಕ್ತಿ ಬಿಲ್ಲಿನ ತೋಳುಗಳಿಗೇ ಬಡಿಯುತ್ತದೆ. ಒಮ್ಮೆ ಹಾಗಾಗಿಯೂ ಏನೂ ಮುರಿಯಲಿಲ್ಲವೆಂದು ಸುಮ್ಮನಿರುವಂತಿಲ್ಲ. ತೋಳಿನ ಉದ್ದಕ್ಕೂ ಹತ್ತಿಯ ಉಂಡೆ ಸವರಿದರೆ ಕಣ್ಣಿಗೆ ಕಾಣದ ಬಿರುಕಿನಲ್ಲಿ ಹತ್ತಿಯೆಳೆ ಸಿಕ್ಕಿಕೊಳ್ಳುತ್ತದೆ. ಕಾರ್ಬನ್ ಬಾಣಗಳನ್ನೂ ಒಂದೊಂದಾಗಿ ಮೆಲ್ಲಗೆ ಬಾಗಿಸಿ ಕಿವಿಗೊಟ್ಟು ಕೇಳಬೇಕು. ಚಟಚಟ ಎಂದ ಬಾಣವನ್ನು ಮುರಿದು ಎಸೆಯಬೇಕು, ಬಿಟ್ಟ ಕ್ಷಣದಲ್ಲೇ ಅದು ಸಿಡಿದು ಬಿಲ್ಲು ಹಿಡಿದ ಕೈಗೆ ಚುಚ್ಚಬಹುದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವ್ಯಾಸದ ಬೇಟೆಗೆ ಅವಕಾಶ ಕೊಡುವುದಿಲ್ಲ. ಆದರೆ ನಮ್ಮ ಬಿಲ್ಲುಗಾರರಲ್ಲಿ ಹಲವರು ಸ್ಪರ್ಧೆಗೆ ಬಳಸುವುದೂ ಇದೇ ಬಗೆಯ ಕಾಂಪೌಂಡ್ ಬಿಲ್ಲು. ಹೆದೆ, ತೋಳು, ಬಾಣದ ಈ ತಪಾಸಣೆ ಅವರಿಗೂ ತಪ್ಪಿದ್ದಲ್ಲ.